ಕೊನೆಯ ಪದಕ್ಕೆ ಮೊದಲು

ನಮ್ಮ ರಂಗಮಂದಿರದಲ್ಲಿ ಗಂಟೆ ಹೊಡೆಯುವುದು ನನ್ನ ಕೆಲಸ. ಮೊದಲನೆಯ ಗಂಟೆಗೆ ಹೊರಗೆ ಕಾಫಿ ಕುಡಿಯುತ್ತ ನಿಂತವರು ಒಳಗೆ ಬರಬೇಕು, ಎರಡನೆಯದಕ್ಕೆ ಕೂತಿರಬೇಕು, ಮೂರನೆಯದಕ್ಕೆ ಬಾಯಿ ಮುಚ್ಚಿರಬೇಕು. ಆಮೇಲೆ ಬಂದವರು ಯಾರೇ ಇರಲಿ, ಮೊದಲ ದೃಶ್ಯ ಮುಗಿಯುವ ತನಕ ಬಾಗಿಲ ಹೊರಗೆ. ಒಮ್ಮೆ ಅವತ್ತಿನ ಮುಖ್ಯ ಅತಿಥಿಯನ್ನೇ ಹೊರಗೆ ನಿಲ್ಲಿಸಿದ್ದೆ. ಕೊಪ್ಪದ ಖಾಸಗಿ ಬಸ್ ನಿಲ್ದಾಣದಲ್ಲಿ ಟೈಮ್‌ಕೀಪರ್ ಆಗಿದ್ದವನು ನಾನು. ಶೃಂಗೇರಿಯ ಬಸ್ಸು ಹೊರಡುವ ಹೊತ್ತಿಗೆ ಹೊರಡಬೇಕು, ಯಾರದೋ ಚಿಕ್ಕಮ್ಮ ಅಂಗಡಿಯಿಂದ ಬರುತ್ತಿದ್ದಾರೆಂದು ಕಾಯಬಾರದು ಎಂದು ಡ್ರೈವರುಗಳಿಗೆ ಹೇಳುತ್ತಲೇ ನನ್ನ ಕೂದಲು ಬೆಳ್ಳಗಾಯಿತು. ನಿವೃತ್ತಿಯಾದ ಮೇಲೆ ಸೀಟಿ ಕೆಳಗಿಟ್ಟು ಗಂಟೆಯ ಹಗ್ಗ ಹಿಡಿದೆ, ಅಷ್ಟೇ ವ್ಯತ್ಯಾಸ.

ಗಂಟೆ ಇರುವುದು ರಂಗದ ಬಲಪಕ್ಕದಲ್ಲಿ. ಎಡಪಕ್ಕದಲ್ಲಿ, ಪರದೆಯ ಮರೆಗೆ, ಒಂದು ಬೆತ್ತದ ಕುರ್ಚಿ. ಅದರಲ್ಲಿ ನನ್ನ ಹೆಂಡತಿ ಕೂರುತ್ತಿದ್ದಳು. ಅವಳು ತಂಡದ ಪ್ರಾಂಪ್ಟರ್. ನಟರು ಮಾತು ಮರೆತರೆ ಮರೆಯಿಂದ ಮೆಲ್ಲಗೆ ಎತ್ತಿಕೊಡುವವಳು. ಬೆಳಕು ರಂಗಕ್ಕೆ ಚೆಲ್ಲದಂತೆ ಟಾರ್ಚಿನ ಗಾಜಿಗೆ ಹಳೆಯ ಕೆಂಪು ರವಿಕೆಯ ಒಂದು ತುಂಡು ಕಟ್ಟಿಕೊಂಡಿರುತ್ತಿದ್ದಳು. ನಾಟಕ ನಡೆಯುವಾಗ ಈಚೆ ಪಕ್ಕದಿಂದ ನೋಡಿದರೆ ನನಗೆ ಅವಳ ಮುಖ ಕಾಣುತ್ತಿರಲಿಲ್ಲ. ಆ ಕೆಂಪು ಚುಕ್ಕೆ ಮಾತ್ರ ಕಾಣುತ್ತಿತ್ತು. ಅವಳು ಪುಟ ತಿರುಗಿಸಿದಾಗ ಅದು ಸ್ವಲ್ಪ ಅಲುಗುತ್ತಿತ್ತು.

ಮಾತು ಎತ್ತಿಕೊಡುವುದಷ್ಟೇ ಅವಳ ಕೆಲಸವಾಗಿರಲಿಲ್ಲ. ನಮ್ಮ ತಂಡದವರು ಹಗಲೆಲ್ಲ ಬೇರೆ ಉದ್ಯೋಗದವರು: ಒಬ್ಬ ದರ್ಜಿ, ಒಬ್ಬ ಔಷಧಿ ಅಂಗಡಿಯವನು, ಬ್ಯಾಂಕಿನವರು, ಮೇಷ್ಟರು. ಪುಸ್ತಕ ಹಿಡಿದು ಬಾಯಿಪಾಠ ಮಾಡುವ ತಾಳ್ಮೆ ಯಾರಿಗೂ ಇರಲಿಲ್ಲ. ಹಾಗಾಗಿ ಒಂದು ಪದ್ಧತಿ ತಾನಾಗಿ ಬೆಳೆದುಬಂತು. ಸಂಜೆ ಎಲ್ಲರೂ ರಂಗದ ಮೇಲೆ ಸುತ್ತ ಕೂರುವುದು, ಅವಳು ಎಲ್ಲ ಪಾತ್ರಗಳನ್ನೂ ಗಟ್ಟಿಯಾಗಿ ಓದುವುದು, ಯಾರ ಮಾತು ಬರುತ್ತದೋ ಅವರು ಹಿಂದೆಯೇ ಹೇಳುವುದು. ಪುಸ್ತಕ ಅವಳ ಕೈಯಲ್ಲಿ ಮಾತ್ರ. ಫೋನಿಗೆ ಓದಿ ಕಳಿಸಿ ಅಕ್ಕ, ಮನೆಯಲ್ಲೇ ಕೇಳಿಕೊಳ್ಳುತ್ತೇವೆ ಎಂದು ಈಚೆಗೆ ಕೆಲವರು ಕೇಳಿದ್ದರು. ಅವಳು ಒಪ್ಪಲಿಲ್ಲ. "ಫೋನು ತಲೆ ಆಡ್ಸೂದಿಲ್ಲ. ತಲೆ ಆಡ್ಸದವರ ಮುಂದೆ ನಾನು ಓದೂದಿಲ್ಲ" ಎಂದಿದ್ದಳು.

ಅವಳ ಎದೆ ದುರ್ಬಲ. ಚಿಕ್ಕಂದಿನಲ್ಲಿ ಬಂದ ಕಾಯಿಲೆಯೊಂದು ಒಂದು ಕಡೆಯ ಶ್ವಾಸಕೋಶವನ್ನು ಅರ್ಧಕ್ಕೆ ಇಳಿಸಿತ್ತು. ಚಿಕ್ಕ ವಾಕ್ಯಕ್ಕೆ ತೊಂದರೆಯಿಲ್ಲ. ಉದ್ದನೆಯದಾದರೆ ಕೊನೆಯ ಪದದ ಹೊತ್ತಿಗೆ ಗಾಳಿ ಮುಗಿಯುತ್ತಿತ್ತು. ಅಲ್ಲಿ ನಿಲ್ಲುತ್ತಿದ್ದಳು, ಮೂಗಿನಿಂದ ಸಣ್ಣಗೆ ಉಸಿರೆಳೆಯುತ್ತಿದ್ದಳು, ಆಮೇಲೆ ಆ ಪದ ಬರುತ್ತಿತ್ತು.

ಇದನ್ನು ನಾನು ಮದುವೆಯಾದ ವಾರದಲ್ಲೇ ಗಮನಿಸಿದೆ. ಗಮನಿಸುವಂಥ ಕಿವಿ ನನಗೆ ಅಭ್ಯಾಸದಿಂದ ಬಂದದ್ದು. ಹುಡುಗನಾಗಿದ್ದಾಗ ಶೃಂಗೇರಿಯಲ್ಲಿ ಒಬ್ಬ ಉಪಾಧ್ಯಾಯರ ಮನೆಯಲ್ಲಿ ನನ್ನನ್ನು ವೇದಪಾಠಕ್ಕೆ ಬಿಟ್ಟಿದ್ದರು. ನಸುಕಿಗೆ ಏಳುವುದು, ಹೊಳೆಯಲ್ಲಿ ಸ್ನಾನ, ಒದ್ದೆ ಪಂಚೆ ಹಿಂಡಿ ಒಣಹಾಕಿ ಸಾಲಾಗಿ ಕೂರುವುದು. ಉಪಾಧ್ಯಾಯರು ಸ್ವರಕ್ಕೆ ಎಷ್ಟು ಬೆಲೆ ಕೊಡುತ್ತಿದ್ದರೋ ಉಸಿರಿಗೂ ಅಷ್ಟೇ. ಉಸಿರು ತೆಗೆಯಲು ಗೊತ್ತಾದ ಜಾಗಗಳಿದ್ದವು. ತಪ್ಪಿ ಬೇರೆ ಕಡೆ ತೆಗೆದರೆ ಮಣೆಯ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟುತ್ತಿದ್ದರು. ಬೈಗುಳವಿಲ್ಲ, ಮತ್ತೆ ಮೊದಲಿನಿಂದ. ನಾನು ಆ ದಾರಿಯಲ್ಲಿ ಮುಂದುವರಿಯಲಿಲ್ಲ, ಬಸ್ಸಿನ ಕೆಲಸಕ್ಕೆ ಬಂದೆ. ಕಿವಿ ಮಾತ್ರ ಹಾಗೇ ಉಳಿಯಿತು. ಹೊಸ ಹೆಂಡತಿಗೆ ನೀನು ತಪ್ಪು ಜಾಗದಲ್ಲಿ ನಿಲ್ಲುತ್ತೀಯ ಎಂದು ಹೇಳಿದ್ದಕ್ಕೆ ಅವಳು ಕೊಟ್ಟ ಉತ್ತರ ಇದು: "ಅದು ನಿಮ್ಮ ಬಸ್ಸಲ್ಲ ಮಾರಾಯ್ರೆ, ಸೀಟಿ ಊದಿದ್ರೆ ಹೊರಡ್ಲಿಕ್ಕೆ. ಅದಕ್ಕೆ ಬೇಕಾದಲ್ಲಿ ನಿಲ್ತದೆ."

ತಂಡದವರು ಮಾಡಿದ ತಪ್ಪು ಒಂದೇ. ಅವಳ ಉಸಿರನ್ನೂ ಮಾತಿನ ಭಾಗವೆಂದು ಕಲಿತುಬಿಟ್ಟರು. ಕಲ್ಲಿನಂಥ ಎದೆಯಿದ್ದ ಔಷಧಿ ಅಂಗಡಿಯವನೂ ಉದ್ದನೆಯ ವಾಕ್ಯದ ಕೊನೆಯ ಪದಕ್ಕೆ ಮೊದಲು ನಿಂತು, ಮೂಗಿನಿಂದ ಸಣ್ಣಗೆ ಉಸಿರೆಳೆದು, ಆಮೇಲೆ ಪದ ಹೇಳುತ್ತಿದ್ದ. ರಾಜನೂ ಹಾಗೆಯೇ, ಅವನ ಬಾಗಿಲು ಕಾಯುವವನೂ ಹಾಗೆಯೇ. ಹೊರಗಿನಿಂದ ಬಂದ ಒಬ್ಬ ರಸಿಕರು ಒಮ್ಮೆ ಸಭೆಯಲ್ಲಿ ಇದನ್ನು ಹೊಗಳಿದರು. ಮಾತನ್ನು ಒಮ್ಮೆಗೇ ಚೆಲ್ಲದೆ ತಡೆದು ಕೊಡುವ ಈ ಗಾಂಭೀರ್ಯ ಬೇರೆಲ್ಲೂ ಕಂಡಿಲ್ಲ ಎಂದರು. ಅವಳು ಸೆರಗು ಬಾಯಿಗೊತ್ತಿಕೊಂಡು ಕೆಮ್ಮು ಬರುವಷ್ಟು ನಕ್ಕಳು. "ನನ್ನ ದಮ್ಮಿಗೆ ಸನ್ಮಾನ ಮಾಡ್ತಿದ್ದಾರೆ ಕಾಣಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಕಳೆದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಕ್ರಿಯೆಗಳನ್ನೆಲ್ಲ ಕ್ರಮವಾಗಿ ಮುಗಿಸಿದೆ. ಅವಳ ಸೀರೆಗಳನ್ನು ಕೊಡಬೇಕಾದವರಿಗೆ ಕೊಟ್ಟೆ, ಔಷಧಿಯ ಬಾಟಲಿಗಳನ್ನು ತೊಳೆದು ಹೊರಗಿಟ್ಟೆ. ಎಲ್ಲ ಮುಗಿದ ಮೇಲೆ ತಿಳಿದದ್ದು, ಅವಳ ಧ್ವನಿ ಎಲ್ಲೂ ಇಲ್ಲ. ಫೋಟೋಗಳಿವೆ. ನೆಂಟರ ಮದುವೆಯ ವಿಡಿಯೋಗಳಲ್ಲಿ ಆರತಿ ತಟ್ಟೆ ಹಿಡಿದು ಹೋಗುತ್ತಾಳೆ, ತುಟಿ ಅಲುಗುತ್ತದೆ, ಕೇಳುವುದು ವಾದ್ಯ ಮಾತ್ರ.

ಆ ವರ್ಷ ದೀಪಾವಳಿಯಿಂದ ಮಳೆಗಾಲದ ಮುಂಚಿನ ತನಕ ಐದು ನಾಟಕಗಳೆಂದು ಮೊದಲೇ ಗೊತ್ತಾಗಿತ್ತು. ಒಂದು ಪೌರಾಣಿಕ, ಒಂದು ನಗೆನಾಟಕ, ಒಂದು ಮಕ್ಕಳದು, ಒಂದು ಪರದೇಶದ ದುರಂತ ಕಥೆಯ ಕನ್ನಡ ರೂಪ, ಕೊನೆಗೆ ಹೊಸದಾಗಿ ಬರೆದ ಸಣ್ಣ ನಾಟಕ. ನಿಲ್ಲಿಸಬೇಡಿ ಎಂದು ನಾನೇ ಹೇಳಿದೆ. ಗೊತ್ತಾದದ್ದು ನಡೆಯಬೇಕು.

ಪೌರಾಣಿಕದ ಮಾತುಗಳನ್ನು ಅವಳು ಹಾಸಿಗೆ ಹಿಡಿಯುವ ಮುಂಚೆ ಎಲ್ಲರಿಗೂ ಕಲಿಸಿ ಮುಗಿಸಿದ್ದಳು. ನಾಟಕದ ಸಂಜೆ ಮೂರನೆಯ ಗಂಟೆ ಹೊಡೆದು ನಾನು ನನ್ನ ಜಾಗದಲ್ಲಿ ನಿಂತೆ. ಆಚೆ ಪಕ್ಕದ ಕುರ್ಚಿ ಖಾಲಿ. ಅದರಲ್ಲಿ ಕೂರಲು ಯಾರೂ ಒಪ್ಪಿರಲಿಲ್ಲ. ಯುದ್ಧ ಮುಗಿದ ಮೇಲೆ ಮುದಿ ರಾಜ ಒಬ್ಬನೇ ಕೂತಿರುವ ದೃಶ್ಯ. ರಾಜನ ಪಾತ್ರ ದರ್ಜಿಯದು. "ಸತ್ತವರ ಹೆಸರನ್ನು ಒಂದೊಂದಾಗಿ ಕರೆಯಿರಿ, ಯಾರಾದರೊಬ್ಬರು ಎಲ್ಲಿಂದಲಾದರೂ" ಎಂದ. ನಿಂತ. ಮೂಗಿನಿಂದ ಸಣ್ಣಗೆ ಉಸಿರೆಳೆದ. "ಓಗೊಡಬಹುದು."

ಅದು ದರ್ಜಿಯ ಉಸಿರಲ್ಲ. ಆಮೇಲೆ ರಾಣಿ ಬಂದಳು, ಅವಳ ಬಾಯಲ್ಲೂ ಅದೇ. ಒಂದೇ ಒಂದು ಮಾತಿದ್ದ ದೂತನ ಬಾಯಲ್ಲೂ ಅದೇ. ಆ ಸಂಜೆಯೆಲ್ಲ ಅದು ರಂಗದ ಮೇಲೆ ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ಓಡಾಡಿತು. ಆಚೆ ಪಕ್ಕದ ಕತ್ತಲಲ್ಲಿ ಕೆಂಪು ಚುಕ್ಕೆ ಇರಲಿಲ್ಲ, ಆದರೂ ನಾನು ಪುಟ ತಿರುಗುವುದನ್ನು ಕಾಯುತ್ತಿದ್ದೆ.

ಅಂದಿನಿಂದ ಪ್ರತಿ ಸಂಜೆ ತಾಲೀಮಿಗೆ ಹೋಗತೊಡಗಿದೆ. ಗಂಟೆಯ ಹಗ್ಗ ಸವೆದಿದೆ, ಕಿಟಕಿಯ ಚಿಲಕ ನೋಡಬೇಕು ಎಂದು ಏನಾದರೊಂದು ಹೇಳಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದೆ. ಓದಿಕೊಡುವವರಿಲ್ಲದೆ ಈಗ ಎಲ್ಲರೂ ಪುಸ್ತಕ ನೋಡಿಯೇ ಕಲಿಯುತ್ತಿದ್ದರು, ಆದರೂ ಉಸಿರು ಅವಳ ಜಾಗದಲ್ಲೇ ನಿಲ್ಲುತ್ತಿತ್ತು. ನಗೆನಾಟಕದಲ್ಲಿ ಬೀಗರ ಜಗಳದ ಒಂದು ಜಾಗವಿತ್ತು. ಔಷಧಿ ಅಂಗಡಿಯವನು "ನಿಮ್ಮಂಥ ದೊಡ್ಡ ಮನೆತನದವರು ನಮ್ಮ ಜಗುಲಿಗೆ ಬಂದು ಕೂತದ್ದು ನಮಗೆ ಬಹಳ" ಎಂದು ನಿಂತು, ಉಸಿರೆಳೆದು, "ತೊಂದರೆ" ಎನ್ನುತ್ತಿದ್ದ. ನಾಟಕದ ದಿನ ಜನ ಬಿದ್ದು ನಕ್ಕರು. ನಾನೂ ನಕ್ಕೆ. ನಗು ನಿಂತ ಮೇಲೆ ಮನೆಗೆ ಒಬ್ಬನೇ ನಡೆದು ಹೋಗುವುದು ಹೇಗೆಂದು ತಿಳಿಯದೆ ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದೆ. ಮಕ್ಕಳ ನಾಟಕದಲ್ಲಿ ಉದ್ದನೆಯ ವಾಕ್ಯಗಳೇ ಇರಲಿಲ್ಲ. ಮಂಗಗಳು, ಒಂದು ಆನೆ, ಬಹಳ ಗಲಾಟೆ. ಅಷ್ಟು ಗಲಾಟೆಯಲ್ಲೂ ರಂಗ ನನಗೆ ಖಾಲಿಯಾಗಿ ಕಂಡಿತು.

ಕೊನೆಯ ಎರಡು ನಾಟಕಗಳಿಗೆ ಶಿವಮೊಗ್ಗದಿಂದ ಒಬ್ಬ ನಿರ್ದೇಶಕಿ ಬಂದರು. ಚಿಕ್ಕ ವಯಸ್ಸು, ರಂಗಶಿಕ್ಷಣ ಪಡೆದವರು, ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿರುತ್ತಿದ್ದರು. ಅದು ನನಗೆ ಮೊದಲ ದಿನವೇ ಹಿಡಿಸಿತು. ಎಲ್ಲರಿಂದ ಹಳೆಯ ಮಾತುಗಳನ್ನು ಹೇಳಿಸಿ ಕಣ್ಣು ಮುಚ್ಚಿ ಕೇಳಿದರು. ಕಣ್ಣು ತೆರೆದು, "ನೀವೆಲ್ಲ ಯಾಕೆ ಒಂದೇ ಜಾಗದಲ್ಲಿ ಉಸಿರು ತಗೋತೀರ?" ಎಂದು ಕೇಳಿದರು.

"ಅದು ಹಾಗೇ ಮೇಡಂ. ಮಾತಿನ ಒಳಗೇ ಇರೂದು ಅದು" ಎಂದ ದರ್ಜಿ.

ಪುಸ್ತಕದಲ್ಲಿ ಎಲ್ಲಿದೆ ತೋರಿಸಿ ಎಂದರು. ಇರಲಿಲ್ಲ. ಕಳ್ಳನೂ ಅವನನ್ನು ಹಿಡಿಯುವವನೂ ಒಂದೇ ಎದೆಯಿಂದ ಮಾತಾಡಿದರೆ ನೋಡುವವರು ಯಾರನ್ನು ನಂಬಬೇಕು ಎಂದು ಕೇಳಿದರು. ಅದು ಯಾರ ಎದೆ ಎಂದು ತಂಡದವರು ಯಾರೂ ಹೇಳಲಿಲ್ಲ. ಎಲ್ಲರೂ ಒಮ್ಮೆ ನಾನು ಕೂತ ಕಡೆ ನೋಡಿ ತಲೆ ತಗ್ಗಿಸಿದರು. ನಾನೂ ಹೇಳಲಿಲ್ಲ. ಆಕೆ ಹೇಳಿದ್ದು ಸರಿಯಾಗಿತ್ತು. ಸರಿಯಾದದ್ದಕ್ಕೆ ಎದುರು ಮಾತಾಡಿ ನನಗೆ ಅಭ್ಯಾಸವಿಲ್ಲ.

ಆಕೆ ಕೆಲಸ ಶುರುಮಾಡಿದರು. ಸಭಾಂಗಣದ ಸುತ್ತ ಓಡುತ್ತ ಮಾತು ಹೇಳಿಸುವುದು, ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿಸುವುದು, ಮಲಗಿ ಹೇಳಿಸುವುದು. ಮೊದಲು ಔಷಧಿ ಅಂಗಡಿಯವನ ಬಾಯಿಂದ ಅದು ಹೋಯಿತು. ಆಮೇಲೆ ಬ್ಯಾಂಕಿನವರಿಂದ, ಮೇಷ್ಟರಿಂದ. ನಾನು ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದೆ. ದಿನಕ್ಕೊಂದು ಕಡೆ ದೀಪ ಆರಿಸುತ್ತ ಬರುವಂತಿತ್ತು. ಪರದೇಶದ ನಾಟಕದ ದಿನ ಅದು ಉಳಿದದ್ದು ದರ್ಜಿಯೊಬ್ಬನಲ್ಲಿ. ನಾಟಕ ಚೆನ್ನಾಗಿಯೇ ಆಯಿತು, ಹಿಂದೆಂದಿಗಿಂತ ಚೆನ್ನಾಗಿ. ಅದನ್ನೂ ಬರೆಯಬೇಕು.

ಮರುದಿನ ದರ್ಜಿ ಬಸ್ ನಿಲ್ದಾಣದ ಹತ್ತಿರ ಸಿಕ್ಕಿದ. ಮುಂದಿನ ನಾಟಕದಲ್ಲಿ ಇಬ್ಬರೇ ಹೆಂಗಸರು, ಅವನಿಗೆ ಪಾತ್ರವಿಲ್ಲ. "ನಾನೂ ಬಿಡ್ಲಿಕ್ಕೆ ನೋಡ್ದೆ ಮಾರಾಯ್ರೆ. ಅದನ್ನು ಬಿಟ್ರೆ ಮುಂದಿನ ಮಾತೇ ಬರೂದಿಲ್ಲ. ಅಕ್ಕ ಅಲ್ಲಿ ನಿಂತ್ಕೊಂಡು ಕೈ ಹಿಡ್ದು ದಾಟಿಸ್ದ ಹಾಗೆ ಆಗ್ತದೆ" ಎಂದ. ನಾನು ಹೂಂ ಎಂದೆ. ಅವನ ಜೊತೆಗೇ ಅದೂ ರಂಗದಿಂದ ಇಳಿಯಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ.

ಕೊನೆಯ ನಾಟಕ ನಿರ್ದೇಶಕಿಯೇ ಬರೆದದ್ದು. ಹೊಳೆಯ ದಡದಲ್ಲಿ ದೋಣಿಗೆ ಕಾಯುವ ಇಬ್ಬರು ಹೆಂಗಸರ ಕಥೆ. ಕಿರಿಯವಳ ಪಾತ್ರಕ್ಕೆ ಬೇಗಾರಿನ ಒಬ್ಬ ಹುಡುಗಿ ಸಿಕ್ಕಿದಳು. ಕೊಪ್ಪದಲ್ಲಿ ಮೊಬೈಲ್ ಅಂಗಡಿಯೊಂದರಲ್ಲಿ ರಿಪೇರಿ ಕೆಲಸ ಮಾಡುವವಳು, ನಮ್ಮ ನಾಟಕ ಒಂದನ್ನೂ ನೋಡಿದವಳಲ್ಲ, ನನ್ನ ಹೆಂಡತಿಯನ್ನು ಕಂಡವಳೂ ಅಲ್ಲ. ಮಾತು ಚುರುಕು. ಆದರೆ ಓದಿದ್ದೆಲ್ಲ ಇಂಗ್ಲಿಷಿನಲ್ಲಿ. ಕನ್ನಡವನ್ನು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದಳು. ಯಾರಾದರೂ ಓದಿ ಕಲಿಸಬೇಕು. ನಿರ್ದೇಶಕಿ ನನ್ನನ್ನು ಕೇಳಿದರು. ನಿಮ್ಮ ಉಚ್ಚಾರಣೆ ಸ್ಪಷ್ಟ, ಹೊತ್ತಿಗೆ ಸರಿಯಾಗಿ ಬರುತ್ತೀರಿ, ನಾಟಕದ ದಿನ ಪ್ರಾಂಪ್ಟಿಂಗೂ ನೀವೇ ಮಾಡಿ ಎಂದರು. ಗಂಟೆಯನ್ನು ದರ್ಜಿಗೆ ಒಪ್ಪಿಸಿ ನಾನು ಆಚೆ ಪಕ್ಕಕ್ಕೆ ದಾಟಿದೆ. ಬೆತ್ತದ ಕುರ್ಚಿಯಲ್ಲಿ ಕೂತಾಗ ಅವಳು ಎದೆಗೆ ಹಚ್ಚಿಕೊಳ್ಳುತ್ತಿದ್ದ ಮುಲಾಮಿನ ವಾಸನೆ ಸಣ್ಣಗೆ ಎದ್ದಿತು.

ನಾನು ಓದಿದೆ, ಹುಡುಗಿ ಹಿಂದೆಯೇ ಹೇಳಿದಳು. ನಾನು ಓದಿದ್ದು ಉಪಾಧ್ಯಾಯರು ಕಲಿಸಿದ ಹಾಗೆ, ನೇರವಾಗಿ. ಹಾಗೆಂದೇ ತಿಳಿದಿದ್ದೆ. ಕೆಲವು ದಿನಗಳಾದ ಮೇಲೆ ರಂಗದ ಮೇಲೆ ನಿಂತು ಅವಳು ನಾಟಕದ ಮುಖ್ಯವಾದ ಮಾತು ಹೇಳಿದಳು. "ಈ ಹೊಳೆ ದಾಟಿದವರು ಯಾರೂ ಹಿಂತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಇಲ್ಲಿ ಕೂತಿರುವುದು ಅವರಿಗೆ" ಎಂದಳು. ನಿಂತಳು. ಮೂಗಿನಿಂದ ಸಣ್ಣಗೆ ಉಸಿರೆಳೆದಳು. "ಕಾಣುತ್ತಿತ್ತು."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ರಂಗದಿಂದ ಇಳಿದು ಹೋದದ್ದು, ಅವಳನ್ನು ಕಾಣದ ಈ ಹುಡುಗಿಯೊಳಗೆ ಹೇಗೆ ಬಂತು? ನಿರ್ದೇಶಕಿ ಹುಡುಗಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು.

ಹುಡುಗಿ ಹೋದ ಮೇಲೆ ಆಕೆ ಹತ್ತಿರ ಬಂದು ಅದು ನಿಮ್ಮಿಂದಲೇ ಬಂದದ್ದು ಸರ್ ಎಂದರು. ನನಗೆ ಸಿಟ್ಟು ಬಂತು. ಶೃಂಗೇರಿಯ ಉಪಾಧ್ಯಾಯರ ಮನೆ, ಮಣೆ, ಬೆರಳು ಎಲ್ಲ ಹೇಳಿದೆ. ಉಸಿರಿನ ವಿಷಯದಲ್ಲಿ ನನಗೆ ಯಾರೂ ಹೇಳಬೇಕಾಗಿಲ್ಲ ಎಂದೆ. ಆಕೆ ವಾದಿಸಲಿಲ್ಲ. ಅದೇ ಮಾತನ್ನು ಒಮ್ಮೆ ಓದಿ ಎಂದು ಫೋನು ಮುಂದೆ ಹಿಡಿದರು. ಓದಿದೆ. ಫೋನು ಅದನ್ನು ತಿರುಗಿ ಹೇಳಿತು. ಒಬ್ಬ ಮುದುಕನ ಧ್ವನಿ. ಕೊನೆಯ ಪದಕ್ಕೆ ಮೊದಲು ಅವನು ನಿಂತ, ಮೂಗಿನಿಂದ ಸಣ್ಣಗೆ ಉಸಿರೆಳೆದ. ಧ್ವನಿ ನನ್ನದು. ಉಸಿರು ಅವಳದು.

ಆಗ ಎಲ್ಲ ಹೇಳಿದೆ. ಆಕೆ ಫೋನು ಕೆಳಗಿಟ್ಟು, "ನನಗೆ ಯಾರೂ ಹೇಳಲಿಲ್ಲವಲ್ಲ ಸರ್" ಎಂದರು. ಆಮೇಲೆ, ಹಾಗಿದ್ದರೆ ಇರಲಿ, ತೆಗೆಯುವುದು ಬೇಡ ಎಂದರು. ನಾನು ಒಪ್ಪಲಿಲ್ಲ. ನಾಟಕ ನಿಮ್ಮದು, ಆ ಹೆಂಗಸು ನೀವು ಬರೆದ ಹೆಂಗಸು, ಅವಳ ಎದೆಗೆ ಏನೂ ಆಗಿಲ್ಲ. ನಾನೇ ತೆಗೆಯುತ್ತೇನೆ ಎಂದೆ.

ಮರುದಿನ ಬೆಳಿಗ್ಗೆ ಸಂಧ್ಯಾವಂದನೆಗೆ ಕೂತಾಗ ಮೊದಲ ಬಾರಿಗೆ ನನ್ನ ಮಂತ್ರವನ್ನು ನಾನೇ ಕೇಳಿಸಿಕೊಂಡೆ. ಅಲ್ಲೂ ಉದ್ದನೆಯ ಸಾಲುಗಳಲ್ಲಿ, ಕೊನೆಯ ಪದಕ್ಕೆ ಮೊದಲು, ಅದು ಇತ್ತು. ಎಂದಿನಿಂದ ಇತ್ತೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಓಡಾಡುತ್ತ ಅವಳು ದಿನವೂ ಅದನ್ನು ಕೇಳಿಸಿಕೊಂಡಿರಬೇಕು. ಒಮ್ಮೆಯೂ ಹೇಳಲಿಲ್ಲ.

ಹುಡುಗಿಗೆ ಮತ್ತೆ ಪಾಠ ಹೇಳಿದೆ. ಈ ಸಲ ಎಚ್ಚರದಿಂದ, ಕುರ್ಚಿಯ ಕೈಯ ಮೇಲೆ ಬೆರಳು ಕುಟ್ಟುತ್ತ, ವಾಕ್ಯದ ತುದಿಯ ತನಕ ಒಂದೇ ಉಸಿರಿನಲ್ಲಿ. "ಈಗ ಬಸ್ಸು ಸ್ಟಾಪೇ ಕೊಡೂದಿಲ್ವಾ ಸರ್?" ಎಂದು ಹುಡುಗಿ ನಕ್ಕಳು. ಬೇಗ ಕಲಿತಳು. ಮಾತು ನೆಟ್ಟಗೆ ಹರಿಯಿತು. ರಂಗದ ಮೇಲೆ ಕೊನೆಯದಾಗಿ ಉಳಿದಿದ್ದ ಆ ಬಾಯಿಂದಲೂ ನನ್ನ ಹೆಂಡತಿಯನ್ನು ನಾನೇ ಹೊರಗೆ ಕಳಿಸಿದ ಹಾಗಾಯಿತು. ಆದರೂ ಒಪ್ಪಿಕೊಂಡ ಕೆಲಸ.

ಕೊಪ್ಪದಲ್ಲಿ ಪ್ರದರ್ಶನದ ಸಂಜೆ ದರ್ಜಿ ಮೂರನೆಯ ಗಂಟೆ ಹೊಡೆದ. ನಾನು ಕೆಂಪು ಬಟ್ಟೆಯ ಟಾರ್ಚು ಹಚ್ಚಿ ಪುಟ ಬಿಡಿಸಿಕೊಂಡು ಕೂತೆ. ಪ್ರಾಂಪ್ಟರಿನ ಕಷ್ಟವೆಂದರೆ ನಟರು ಬೇಕೆಂದೇ ಸುಮ್ಮನಿದ್ದಾರೋ ಮರೆತಿದ್ದಾರೋ ಎಂದು ಗುರುತಿಸುವುದು. ಇದಕ್ಕೆ ನನ್ನ ಹೆಂಡತಿಯ ಹತ್ತಿರ ಒಂದು ಉಪಾಯವಿತ್ತು. ಮುಖ ನೋಡಬಾರದು, ಮುಖ ಸುಳ್ಳು ಹೇಳುತ್ತದೆ, ಕಾಲು ನೋಡಬೇಕು. ಮರೆತವರ ಕಾಲ್ಬೆರಳುಗಳು ನೆಲ ಹಿಡಿದುಕೊಳ್ಳುತ್ತವೆ ಎನ್ನುತ್ತಿದ್ದಳು. ಹುಡುಗಿ ಬರಿಗಾಲಿನಲ್ಲಿದ್ದಳು. ಆ ಮಾತಿನ ಹತ್ತಿರ ಬಂದಾಗ ನಿಂತಳು. ನೋಡಿದೆ. ಹತ್ತೂ ಬೆರಳು ಮಡಚಿ ಹಲಗೆಯನ್ನು ಹಿಡಿದಿದ್ದವು.

ಮಾತು ಎತ್ತಿಕೊಟ್ಟೆ. ಯೋಚಿಸಲು ಹೊತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ಕಲಿಸಿದ ಹಾಗಲ್ಲ, ಉಸಿರಿನ ಸಮೇತ. ಹುಡುಗಿ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು. "ಅವರಿಗೆ" ಎಂದು ನಿಂತು, ಉಸಿರೆಳೆದು, "ಕಾಣುತ್ತಿತ್ತು" ಎಂದಳು. ಸಭಾಂಗಣದಲ್ಲಿ ಒಂದು ಕೆಮ್ಮೂ ಇರಲಿಲ್ಲ. ಆಚೆ ಪಕ್ಕದಲ್ಲಿ ಗಂಟೆಯ ಹಗ್ಗ ಹಿಡಿದ ದರ್ಜಿ ರಂಗ ದಾಟಿ ಕೆಂಪು ಚುಕ್ಕೆಯ ಕಡೆ ನೋಡುತ್ತಿದ್ದ. ಅವನು ನೋಡುತ್ತಿದ್ದುದು ನನ್ನನ್ನಲ್ಲ.

ನಾಟಕ ಮುಗಿದ ಮೇಲೆ ನಿರ್ದೇಶಕಿ ನನ್ನ ಹತ್ತಿರ ಬಂದರು. ಅದು ಇರಲಿ ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ ಎಂದರು. ನಾನೂ ಹುಡುಗಿಗೆ ಏನೂ ಹೇಳಲಿಲ್ಲ. ಶೃಂಗೇರಿಯಲ್ಲಿ ಎರಡನೆಯ ಪ್ರದರ್ಶನ. ಅಲ್ಲಿ ಅವಳು ಏನೂ ಮರೆಯಲಿಲ್ಲ. ಮಾತನ್ನು ಕಲಿತ ಹಾಗೆ, ನೆಟ್ಟಗೆ, ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ನಾನು ಪುಟ ತಿರುಗಿಸಿದೆ. ನಾಟಕ ಮುಗಿದ ಮೇಲೆ ದರ್ಜಿ ಗಂಟೆಯನ್ನು ಗೋಣಿಯಲ್ಲಿ ಸುತ್ತಿ ವ್ಯಾನಿಗೆ ಹಾಕಿದ. ಆಗಬೇಕಾದದ್ದು ಆಯಿತು ಎಂದುಕೊಂಡೆ. ಇನ್ನು ರಂಗದ ಮೇಲೆ ಯಾರ ಬಾಯಲ್ಲೂ ಇಲ್ಲ, ಮರೆಯಲ್ಲಿ ಕೂತ ನನ್ನದರಲ್ಲಿ ಬಿಟ್ಟರೆ. ಅದನ್ನು ನಾನು ಕೇಳಿಸಿಕೊಳ್ಳುವಂತಿಲ್ಲ. ಕೇಳಿಸಿಕೊಳ್ಳಲು ಹೊರಟರೆ ಉಸಿರು ಹೆದರಿ ಸರಿಯಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ.

ಕೊನೆಯ ಪ್ರದರ್ಶನ ನರಸಿಂಹರಾಜಪುರದಲ್ಲಿ. ಮಳೆಗೆ ಮುಂಚಿನ ಸೆಕೆ, ಫ್ಯಾನುಗಳ ಸದ್ದು, ಪುಟ ಹಾರದಂತೆ ಹೆಬ್ಬೆರಳು ಒತ್ತಿ ಕೂತಿದ್ದೆ. ಹುಡುಗಿ ದಡದ ಕಲ್ಲಿನಿಂದ ಎದ್ದು ಮುಂದೆ ಬಂದಳು. ಈ ಹೊಳೆ ದಾಟಿದವರು ಯಾರೂ ಹಿಂತಿರುಗಿ ನೋಡಲಿಲ್ಲ ಎಂದಳು. ನೋಡಿದ್ದರೆ ನಾನು ಇಲ್ಲಿ ಕೂತಿರುವುದು ಅವರಿಗೆ ಎಂದಳು, ನಿಂತಳು.

ಮರೆತಳು ಎಂದುಕೊಂಡೆ. ಪದ ನನ್ನ ನಾಲಗೆಯ ತುದಿಗೆ ಬಂದಿತ್ತು, ಬಾಯಿ ತೆರೆದಿದ್ದೆ. ಅಭ್ಯಾಸದಿಂದ ಅವಳ ಕಾಲು ನೋಡಿದೆ. ಬೆರಳುಗಳು ಹಲಗೆಯ ಮೇಲೆ ಸಡಿಲವಾಗಿ, ಹಗುರವಾಗಿ ಇದ್ದವು.

ಬಾಯಿ ಮುಚ್ಚಿದೆ. ಅವಳು ಮೂಗಿನಿಂದ ಸಣ್ಣಗೆ ಉಸಿರೆಳೆದಳು. ಕೊನೆಯ ಪದ ಬರುವ ತನಕ ನಾನು ನನ್ನ ಉಸಿರು ಹಿಡಿದು ಕೂತಿದ್ದೆ.